ಮೆಟ್ರೋಲಿ ಸಬ್‌ನೆಟ್ಟಿಂಗ್ ಹೇಳ್ಕೊಟ್ಟ ಅಣ್ಣಂಗೆ

ಮೆಜೆಸ್ಟಿಕ್ಕಲ್ಲಿ ಪರ್ಪಲ್ ಲೈನ್ ಹತ್ತಿ ನಿಂತ್ಕೊಂಡಿದ್ದಾಗ ನನ್ನ ಸಿಸಿಎನ್‌ಎ ಅನ್ನೋ ನೆಟ್‌ವರ್ಕಿಂಗ್ ಪರೀಕ್ಷೆ ನೋಟ್ಸ್ ಇಣುಕಿ "ಹಿಂಗೆ ಬೈನರಿ ಬರೀತಾ ಕೂತ್ರೆ ಟೈಮ್ ಸಾಲಲ್ಲ ಕಣಮ್ಮ" ಅಂದ್ರಲ್ಲ ಅಣ್ಣಾ, ನಿಮ್ಮ ಹೆಸ್ರೂ ಕೇಳ್ಲಿಲ್ಲ ನಾನು. ಸಬ್‌ನೆಟ್ಟಿಂಗ್, ಅಂದ್ರೆ ದೊಡ್ಡ ನೆಟ್‌ವರ್ಕನ್ನ ಚಿಕ್ಕ ಚಿಕ್ಕದಾಗಿ ಒಡೆಯೋ ಲೆಕ್ಕ: ಸ್ಲ್ಯಾಶ್ 26 ಅಂದ್ರೆ ಮಾಸ್ಕಿನ (ಅಡ್ರೆಸ್ಸಲ್ಲಿ ನೆಟ್‌ವರ್ಕಿನ ಭಾಗ ಎಷ್ಟು ಅಂತ ಹೇಳೋ ನಂಬರು) ಕೊನೇದು 192, 256ರಲ್ಲಿ ಅದನ್ನ ಕಳೆದ್ರೆ 64, ಹಂಗಾಗಿ ನೆಟ್‌ವರ್ಕ್‌ಗಳು 0, 64, 128, 192ಕ್ಕೆ ಶುರು, ಒಂದೊಂದ್ರಲ್ಲೂ ಮೊದಲ್ನೇದು ಕೊನೇದು ಬಿಟ್ರೆ 62 ಹೋಸ್ಟು (ಕಂಪ್ಯೂಟರು ಥರದ ಸಾಧನ), ಇಷ್ಟನ್ನ ಇಂದಿರಾನಗರ ಬರೋದ್ರೊಳಗೆ ತಲೆಗೆ ಹಾಕ್ಬಿಟ್ರಿ. ಬರೀ ವೀಡಿಯೋ ನೋಡ್ಕೊಂಡು ಒಂದ್ಸಲ ಫೇಲಾಗಿದ್ದೆ ನಾನು. ನೀವು ಹೇಳ್ದಂಗೆ ಪ್ಯಾಕೆಟ್ ಟ್ರೇಸರ್ ಅನ್ನೋ ನೆಟ್‌ವರ್ಕ್ ಪ್ರಾಕ್ಟೀಸ್ ಸಾಫ್ಟ್‌ವೇರಲ್ಲಿ ದಿನಾ ಲ್ಯಾಬ್ ಮಾಡ್ದೆ, ಬೇಕಂತ್ಲೇ ಕೆಡಿಸಿ ಸರಿ ಮಾಡ್ದೆ, ರೂಟರ್‌ಗಳು ಒಂದಕ್ಕೊಂದು ದಾರಿ ತಿಳಿಸೋ ಓಎಸ್‌ಪಿಎಫ್‌ನಲ್ಲಿ, ಎರಡು ರೂಟರ್ ನಡುವಿನ ಲಿಂಕಿಗೆ ಏರಿಯಾ ನಂಬರು ಬೇರೆ ಬೇರೆ ಇದ್ರೆ ಅವು ನೇಬರ್ ಆಗಲ್ಲ ಅಂತ ಹಂಗೇ ಗೊತ್ತಾಗಿದ್ದು. ಮೊನ್ನೆ ಪಾಸಾದೆ! ಥ್ಯಾಂಕ್ಸ್ ಅಣ್ಣಾ, ಮತ್ತೆ ಸಿಕ್ಕಿದ್ರೆ ಕಾಫಿ ನಂದೇ, ಬೈಟೂ ಅಲ್ಲ, ಫುಲ್ಲು.