ಸ್ಕೋರರ್ ಸಾಹೇಬ್ರಿಗೆ, ಜಿಲ್ಲಿಂಗಮ್‌ನಿಂದ

ಲೋ ಸ್ಕೋರರ್ ಸಾಹೇಬ್ರೇ,

ಎರಡು ವಾರದಿಂದ ನಿಂಗೆ ವಾಯ್ಸ್ ನೋಟ್ ರೆಕಾರ್ಡ್ ಮಾಡೋದು ಡಿಲೀಟ್ ಮಾಡೋದು, ಇದೇ ಆಗಿದೆ ನನ್ ಕೆಲ್ಸ. ಅದಕ್ಕೆ ಇಲ್ಲೇ ಎಲ್ರ ಎದುರಿಗೇ ಬರೀತಿದೀನಿ, ಎಲ್ರೂ ನೋಡ್ತಿದ್ರೆ ಅರ್ಧಕ್ಕೆ ಎದ್ದು ಓಡಿಹೋಗಕ್ಕಾಗಲ್ಲ ನೋಡು. ನೀನಂತೂ ಕಾಮೆಂಟ್ ಹಾಕೋ ಆಸಾಮಿ ಅಲ್ಲ, ಒಂದು ಥಂಬ್ಸಪ್ ಒತ್ತಿ ಜೆರಾಕ್ಸ್ ಅಂಗಡಿ ಶಟರ್ ಎಳೀತೀಯ. ತೆಂಗಿನಕಾಯಿ ಕೇಸಿನ ಬಗ್ಗೆ ಒಂದಕ್ಷರ ಬರೆಯಲ್ಲ, ಹೆದರ್ಬೇಡ, ನಿಮ್ಮತ್ತೆ ಮನೆಯೋರು ನನ್ನ ಫ್ರೆಂಡ್ ಲಿಸ್ಟ್‌ನಲ್ಲಿದಾರೆ.

ನಾನಿರೋ ಊರು ಬರೆಯೋದು ಗಿಲ್ಲಿಂಗ್‌ಹ್ಯಾಮ್, ಕರೆಯೋದು ಜಿಲ್ಲಿಂಗಮ್. ಇಂಗ್ಲೆಂಡಿನ ದಕ್ಷಿಣದಲ್ಲಿ ಕೆಂಟ್ ಅನ್ನೋ ಕಡೆ, ಮೆಡ್ವೇ ನದಿ ಪಕ್ಕ. ತಿಪಟೂರಲ್ಲಿ ನಮ್ಮಮ್ಮ ಎಲ್ರಿಗೂ ಲಂಡನ್ ಅಂತ ಹೇಳ್ಕೊಂಡಿದಾಳೆ, ನೀನು ತಿದ್ದಕ್ಕೆ ಹೋಗ್ಬೇಡ. ಪಕ್ಕದ ಚ್ಯಾಟಮ್‌ನಲ್ಲಿ ಹಡಗು ಕಟ್ಟೋ ದೊಡ್ಡ ಡಾಕ್‌ಯಾರ್ಡ್ ಇತ್ತು, 1984ರಲ್ಲಿ ಮುಚ್ಚಿದ್ರು. ಮಗನ್ನ ಬ್ಯಾಡ್ಮಿಂಟನ್ನಿಗೆ ಬಿಡೋಕೆ ಒಂದು ಸ್ಪೋರ್ಟ್ಸ್ ಹಾಲ್‌ಗೆ ಹೋಗ್ತೀನಿ. ಅವತ್ತು ಒಳಗಿಂದ ಒಂದು ಸದ್ದು, ಸಂತೇಲಿ ಸ್ಟೀಲ್ ಪಾತ್ರೆ ಗಾಡಿ ಪಲ್ಟಿ ಹೊಡ್ದಂಗೆ. ಇಣುಕಿದ್ರೆ ವ್ಹೀಲ್‌ಚೇರ್‌ನಲ್ಲಿ ಕೂತ್ಕೊಂಡು ಗುದ್ದಾಡ್ತಿದಾರೆ ಗುರು, ಒಬ್ಬ ಕುರ್ಚಿ ಸಮೇತ ಮಗುಚ್ಕೊಂಡ್ರೆ ಮಿಕ್ಕೋರು ಅಯ್ಯೋ ಅನ್ನಲ್ಲ, ಅವ್ನ ಸುತ್ತ ಬಳಸ್ಕೊಂಡು ಮುಂದೆ ಹೋಗ್ತಾರೆ.

ವ್ಹೀಲ್‌ಚೇರ್ ರಗ್ಬಿ ಲೀಗ್ ಅಂತೆ. ಪ್ಯಾರಾಲಿಂಪಿಕ್ಸ್‌ನಲ್ಲಿ ಬರೋದು ಬೇರೆ, ಅದು ಕೆನಡಾದ್ದು, ಅದ್ರಲ್ಲಿ ಚೆಂಡು ದುಂಡಗಿರುತ್ತೆ. ಇದ್ರಲ್ಲಿ ಕೋಳಿಮೊಟ್ಟೆ ಥರದ್ದೇ ರಗ್ಬಿ ಬಾಲು, ಟೀಮಿಗೆ ಐದೈದು ಜನ, ಪಾಸ್ ಹಿಂದಕ್ಕೇ ಕೊಡ್ಬೇಕು. ಭುಜದ ಹತ್ರ ಎರಡು ಕಡೆ ವೆಲ್ಕ್ರೋ ಟ್ಯಾಗ್ ಅಂಟಿಸಿರ್ತಾರೆ, ಬಾಲ್ ಇರೋನ ಟ್ಯಾಗ್ ಕಿತ್ರೆ ಟ್ಯಾಕಲ್ ಆದಂಗೆ, ಆರು ಟ್ಯಾಕಲ್ ಆದ್ರೆ ಬಾಲು ಎದುರು ಪಾರ್ಟಿಗೆ. ಕಾಲಲ್ಲಿ ಒದೆಯೋ ಬದ್ಲು ಮುಷ್ಟೀಲಿ ಗುದ್ದಿ ಗೋಲ್ ಕಂಬದ ಮಧ್ಯೆ ಹಾರಿಸ್ತಾರೆ. ಗಂಡಸ್ರು ಹೆಂಗಸ್ರು ಒಂದೇ ಟೀಮು.

ಇಲ್ಲಿನ ಕ್ಲಬ್ಬಿನ ಕತೆ ಕೇಳು, ನಿನ್ನ ಪುಸ್ತಕದಲ್ಲಿ ಬರ್ಕೊಳೋ ಅಂಥದ್ದೇ. ರಗ್ಬಿ ಲೀಗ್ ಅನ್ನೋದು ರಗ್ಬಿಯಿಂದ ಒಡೆದ ಬೇರೆ ಕವಲು, ಅದು ಹುಟ್ಟಿದ್ದೇ ಬಡವ್ರ ಜಗಳದಿಂದ. 1895ರಲ್ಲಿ ಇಂಗ್ಲೆಂಡಿನ ಉತ್ತರದ ಕ್ಲಬ್ಬುಗಳು ಹಡರ್ಸ್‌ಫೀಲ್ಡ್‌ನ ಒಂದು ಹೋಟ್ಲಲ್ಲಿ ಕೂತು ನಾವು ಬೇರೆ ಆಗ್ತೀವಿ ಅಂದ್ವು. ಶನಿವಾರ ಆಡಕ್ಕೆ ಬಂದ್ರೆ ಗಣಿ, ಮಿಲ್ಲು ಕೆಲಸದೋರಿಗೆ ಕೂಲಿ ಹೋಗುತ್ತೆ, ಅದನ್ನ ತುಂಬಿಕೊಡೋಕೆ ರಗ್ಬಿ ಆಡಳಿತದ ದೊಡ್ಡೋರು ಬಿಡಲ್ಲ ಅಂದಿದ್ದಕ್ಕೆ. ಫ್ರಾನ್ಸ್‌ನಲ್ಲಂತೂ 1941ರಲ್ಲಿ ಹಿಟ್ಲರನ ಜರ್ಮನಿ ಜೊತೆ ಕೈಜೋಡಿಸಿದ್ದ ವಿಶಿ ಸರ್ಕಾರ ಈ ಆಟನೇ ಬ್ಯಾನ್ ಮಾಡಿ ಆಸ್ತಿನೂ ಕಿತ್ಕೊಂಡಿತ್ತು. ಅದೇ ಫ್ರಾನ್ಸ್‌ನಲ್ಲಿ 2004ರಲ್ಲಿ ರೊಬೇರ್ ಫಾಸೊಲೆಟ್, ವ್ಯಾಲಿ ಸಾಲ್ವಾನ್ ಅನ್ನೋ ಇಬ್ರು ಇದಕ್ಕೊಂದು ಕುರ್ಚಿ ರೂಪ ಕೊಟ್ರು. ನಾಲ್ಕೇ ವರ್ಷಕ್ಕೆ ಸಿಡ್ನಿಲಿ ವರ್ಲ್ಡ್ ಕಪ್, ಇಂಗ್ಲೆಂಡ್ ಗೆಲ್ತು.

ಇಲ್ಲಿನ ಟೀಮಿನ ಹೆಸ್ರು ಮೊದ್ಲು ಮೆಡ್ವೇ ಡ್ರ್ಯಾಗನ್ಸ್. ಲೀಗ್ ಅಂದ್ರೆ ಉತ್ತರದೋರ ಸ್ವತ್ತು, ಕೆಂಟ್‌ನಲ್ಲಿ ಅದನ್ನ ಆಡ್ತೀವಿ ಅನ್ನೋದು ಕರಾವಳಿ ಹೋಟ್ಲಲ್ಲಿ ಜೋಳದ ರೊಟ್ಟಿ ಆರ್ಡರ್ ಮಾಡಿದಂಗೆ, ಆದ್ರೂ ಹಿಡ್ಕೊಂಡು ಬಿಡ್ಲಿಲ್ಲ. ಅದ್ರಲ್ಲಿ ಕಾಯ್ಡ್ ಅನ್ನೋ ಒಂದು ಮನೆತನದ್ದು ದೊಡ್ಡ ಪಾಲು. ಅಪ್ಪ ಮಾರ್ಟಿನ್ ಈ ಆಟಾನ ಇಂಗ್ಲೆಂಡ್‌ನಲ್ಲಿ ಬೆಳೆಸಿದೋರಲ್ಲಿ ಒಬ್ರು, ಮಗ ಟಾಮ್ ಇಂಗ್ಲೆಂಡ್ ಕೋಚ್, ಇನ್ನೊಬ್ಬ ಮಗ ಜೋ ಆಟಗಾರ. 2013ರ ವರ್ಲ್ಡ್ ಕಪ್ ಫೈನಲ್ ಇದೇ ಜಿಲ್ಲಿಂಗಮ್‌ನ ಮೆಡ್ವೇ ಪಾರ್ಕ್‌ನಲ್ಲಿ, ಫ್ರಾನ್ಸ್ 44, ಇಂಗ್ಲೆಂಡ್ 40. 2017ರಲ್ಲಿ ಕಾರ್ಕಸಾನ್‌ನಲ್ಲಿ ಮತ್ತೆ ಅದೇ ಎರಡು ಟೀಮು, 38-34, ಮತ್ತೆ ಫ್ರಾನ್ಸೇ. ಫ್ರಾನ್ಸ್ ಜೆರ್ಸಿ ಮೇಲೆ ಹುಂಜ ಇರುತ್ತೆ. ತಮಾಷೆ ಏನ್ ಗೊತ್ತಾ, ಆಮೇಲೆ ನಮ್ಮೂರ ಟೀಮು ಹೆಸ್ರು ಬದಲಾಯಿಸ್ಕೊಂಡು ಲಂಡನ್ ರೂಸ್ಟರ್ಸ್ ಆಯ್ತು. ಡ್ರ್ಯಾಗನ್ ಹೋಗಿ ಹುಂಜ ಬಂತು, ಮೆಡ್ವೇ ಹೋಗಿ ಲಂಡನ್ ಬಂತು. ನಮ್ಮಮ್ಮನ ಕೈಯಲ್ಲಿ ಹೆಸ್ರು ಇಡಿಸಿರ್ಬೇಕು.

2022 ನವೆಂಬರ್ 18, ಮ್ಯಾಂಚೆಸ್ಟರ್, ವರ್ಲ್ಡ್ ಕಪ್ ಫೈನಲ್, ಮತ್ತೆ ಅವೆರಡೇ. ಆ ವರ್ಲ್ಡ್ ಕಪ್ಪಲ್ಲಿ ಇಂಗ್ಲೆಂಡಿನ ಗಂಡಸ್ರ ಟೀಮು, ಹೆಂಗಸ್ರ ಟೀಮು ಎರಡೂ ಸೆಮಿಯಲ್ಲೇ ಮನೆಗೆ. ಉಳಿದಿದ್ದು ಕುರ್ಚಿಯೋರು. ಕೊನೇ ನಿಮಿಷಗಳಲ್ಲಿ ಕ್ಯಾಪ್ಟನ್ ಟಾಮ್ ಹ್ಯಾಲಿವೆಲ್ ಟ್ರೈ ಹಾಕಿ (ಅಂದ್ರೆ ಬಾಲನ್ನ ಗೆರೆ ದಾಟಿಸಿ ನೆಲಕ್ಕೆ ಮುಟ್ಟಿಸಿ) 28-24, ಇಂಗ್ಲೆಂಡ್ ಗೆಲ್ತು. ನಾಲ್ಕೂವರೆ ಸಾವಿರ ಜನ ನೋಡಕ್ಕೆ ಬಂದಿದ್ರಂತೆ, ಅವತ್ತಿಗೆ ಅದೇ ರೆಕಾರ್ಡು. ನಾನು ಯೂಟ್ಯೂಬಲ್ಲಿ ಮೂರು ಸಲ ನೋಡ್ದೆ, ಆಫೀಸ್ ಮೀಟಿಂಗ್ ಮಧ್ಯೆ.

ಇಷ್ಟೇ ಆಗಿದ್ರೆ ಲಿಂಕ್ ಕಳಿಸಿ ಸುಮ್ನಾಗ್ತಿದ್ದೆ.

ಅವತ್ತು ಹಾಲ್‌ನಲ್ಲಿ ಆಟ ಮುಗೀತಲ್ಲ, ಅದುವರ್ಗೂ ಹುಲಿ ಥರ ಆಡ್ತಿದ್ದ ಒಬ್ಬ ಸೊಂಟದ ಬೆಲ್ಟ್ ಬಿಚ್ಚಿ ಎದ್ದು ನಿಂತ. ನಿಂತ್ಕೊಂಡು ಕುರ್ಚಿನ ಕೈಯಲ್ಲಿ ಎತ್ಕೊಂಡು ನಡ್ಕೊಂಡು ಹೋದ. ನನ್ ತಲೇಲಿ ಮೊದ್ಲು ಬಂದಿದ್ದು, ಮೋಸ! ಸಿಟ್ಟೇ ಬಂತು ನಂಗೆ. ಪಕ್ಕದಲ್ಲಿದ್ದ ವಯಸ್ಸಾದೋರನ್ನ ಕೇಳಿದ್ರೆ ನಕ್ರು. ಕಾಲು ಸರಿ ಇರೋರೂ ಇದ್ರಲ್ಲಿ ಆಡ್ಬೋದಂತೆ, ಇಂಟರ್‌ನ್ಯಾಷನಲ್ ಮ್ಯಾಚಲ್ಲಿ ಒಂದು ಸಲಕ್ಕೆ ಇಬ್ರವರೆಗೂ. ಅಣ್ಣ ಕುರ್ಚಿಯವ್ನಾದ್ರೆ ತಮ್ಮ ಪಕ್ಕದಲ್ಲಿ ಕೂತು ಆಡ್ಬೋದು. ಸ್ನೇಹಿತ್ರೂ ಅಷ್ಟೇ. ಸೈಕಲ್ ರೇಸಿಗೆ ಸೈಕಲ್ ಹೆಂಗೋ ಇದಕ್ಕೆ ಕುರ್ಚಿ ಹಂಗೆ, ಅಷ್ಟೇ ಕಣಪ್ಪ ಅಂದ್ರು.

ಅಷ್ಟೇ ಅಂತೆ.

ನಮ್ ಕ್ರಿಕೆಟ್ ಟೀಮಲ್ಲಿ ನಾವು ಹನ್ನೊಂದು ಜನ ಇದ್ವಿ, ನೀನು ಹನ್ನೆರಡನೆಯೋನು. ಕಾಲಿಗೆ ಆಸರೆ ಕೊಡೋ ಕ್ಯಾಲಿಪರ್ ಹಾಕ್ಕೊಂಡು ಆ ತೋಟದ ಬದುವಿನ ಮೇಲೆ ಕೂತು ಆರು ವರ್ಷ ಸ್ಕೋರ್ ಬರ್ದೆ. ಒಬ್ಬೊಬ್ಬನ ಆವರೇಜ್ ಬಾಯಲ್ಲಿ ಹೇಳ್ತಿದ್ದೆ. ನಿಂಗೆ ಅದೇ ಇಷ್ಟ ಅಂತ ನಾವೇ ಅನ್ಕೊಂಡಿದ್ವಿ, ಒಂದಿನ ಕೇಳಿಲ್ಲ. ನಮ್ ಹನ್ನೊಂದು ಜನರಲ್ಲಿ ಒಬ್ನಾದ್ರೂ, ಇವತ್ತು ಎಲ್ರೂ ಕೂತ್ಕೊಂಡು ಆಡಣ ಕಣ್ರೋ ಅಂದಿದ್ರೆ? ಕುರ್ಚಿ ಬೇಡ, ಮಣ್ಣಲ್ಲೇ ಕೂರ್ಬೋದಿತ್ತು. ಮನೇಲಿ ಬೈತಿದ್ರು, ಅಷ್ಟೇ ತಾನೆ.

ಇನ್ನೊಂದು. ಇದನ್ನ ಬರೆಯೋ ಪ್ಲ್ಯಾನ್ ಇರ್ಲಿಲ್ಲ. ಒಂಬತ್ತನೇ ಕ್ಲಾಸಲ್ಲಿ ಕಿಬ್ಬನಹಳ್ಳಿ ಮ್ಯಾಚ್ ನೆನಪಿದ್ಯಾ, ಭಾನುವಾರದ್ದು, ಕ್ಯಾನ್ಸಲ್ ಆಯ್ತು ಅಂತ ನಿಂಗೆ ಹೇಳಿದ್ವಲ್ಲ. ಕ್ಯಾನ್ಸಲ್ ಆಗಿರ್ಲಿಲ್ಲ. ಟೆಂಪೋದಲ್ಲಿ ಜಾಗ ಇಲ್ಲ, ಹತ್ತಿಸೋದು ಇಳಿಸೋದು ಲೇಟಾಗುತ್ತೆ, ಅವ್ನಿಗೆ ಹೇಳೋದೇ ಬೇಡ ಅಂದಿದ್ದು ಬೇರೆ ಯಾರೂ ಅಲ್ಲ, ನಾನು. ಎಲ್ರೂ ಒಪ್ಕೊಂಡ್ರು ಅನ್ನೋದು ಬೇರೆ ಮಾತು, ಬಾಯಿ ಬಿಟ್ಟಿದ್ದು ನಾನು. ಸೋಮವಾರ ಪ್ರೇಯರ್ ಲೈನಲ್ಲಿ ನೀನು ನನ್ ಮುಖನೂ ನೋಡ್ದೆ ಕೇಳಿದ್ದು ಒಂದೇ ಪ್ರಶ್ನೆ, "ಎಕ್ಸ್‌ಟ್ರಾಸ್ ಎಷ್ಟು?" ನಾನು ಬೆಲ್ ಹೊಡೀತು ಅಂತ ಒಳಗೆ ಓಡ್ದೆ. ಬೆಲ್ ಇನ್ನೂ ಹೊಡ್ದಿರ್ಲಿಲ್ಲ.

ಸಾಕು, ಇದು ಓದ್ತಿರೋ ಬೇರೆಯೋರು ಹೃದಯದ ಇಮೋಜಿ ಗಿಮೋಜಿ ಹಾಕ್ಬೇಡಿ, ನಾನು ಒಳ್ಳೆಯೋನಾಗಿ ಕಾಣೋದು ನಮ್ಮನೆಯವ್ಳಿಗೆ ಆಗಿಬರಲ್ಲ.

ಅಂದಂಗೆ ನಾನೂ ಕುರ್ಚಿಲಿ ಕೂತೆ ಕಣೋ. ಬಂದು ಟ್ರೈ ಮಾಡಿ ಅಂದ್ರು, ಮಗನ ಮುಂದೆ ಮರ್ಯಾದೆ ಪ್ರಶ್ನೆ. ಚಕ್ರ ಎರಡರ ಬುಡನೂ ಹೊರಕ್ಕೆ ಚಾಚ್ಕೊಂಡಿರುತ್ತೆ, ಒಂದು ಕೈ ಜಾಸ್ತಿ ತಳ್ಳಿದ್ರೆ ಗಾಣದ ಎತ್ತಿನ ಥರ ಅಲ್ಲೇ ಸುತ್ತೋದು. ನಾನು ಐದು ನಿಮಿಷ ಸುತ್ತಿದೆ. ಸ್ಕೂಲಿಗೆ ಹೋಗೋ ಒಂದು ಹುಡುಗಿ ಬಂದು ನನ್ನ ಎರಡೂ ಟ್ಯಾಗ್ ಕಿತ್ಕೊಂಡು ಸಾರಿ ಅಂತ ಬೇರೆ ಹೇಳಿ ಹೋದ್ಲು. ಬೆರಳೆಲ್ಲ ಬೊಬ್ಬೆ, ಮೂರು ದಿನ ಅನ್ನ ಚಮಚದಲ್ಲಿ ತಿಂದಿದೀನಿ. ನೀನಾಗಿದ್ರೆ ನನ್ ಹೆಸ್ರ ಮುಂದೆ ಏನ್ ಬರೀತಿದ್ದೆ ಅಂತ ಗೊತ್ತು, ಆ ಪದ ಇಲ್ಲಿ ಬೇಡ.

ಡಿಸೆಂಬರಲ್ಲಿ ಬರ್ತೀನಿ. ನಿನ್ನ ನಾಲ್ಕು ಚಕ್ರದ ಸ್ಕೂಟಿ ಹಿಂದೆ ಕೂರಿಸ್ಕೊಂಡು ಹೋಗು, ಜಾಗ ಇಲ್ಲ ಅಂತ ನೀನು ಅಂದ್ರೆ ಅದೂ ಸರಿನೇ.

ಹಾಂ, ಬರ್ಕೋ. ಸೋತಿದ್ದು 6 ರನ್ನಿಂದ. ನಾವು ಕೊಟ್ಟ ಎಕ್ಸ್‌ಟ್ರಾಸ್ 19. ವೈಡ್ 11, ಅದ್ರಲ್ಲಿ 8 ನಂದು. ಉಳಿದಿದ್ದು ಬೈನೋ ಲೆಗ್‌ಬೈನೋ ಯಾರೂ ಬರ್ದಿಟ್ಟಿಲ್ಲ.

ಇಂತಿ ನಿನ್ನ,
ವೈಡ್ ಬೌಲರ್