ಸೂಜಿಯ ಕೊಠಡಿಗೆ ನಮ್ಮನ್ನು ಕಳುಹಿಸಿದ್ದು ಯಾರು? ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ಕೂತಲ್ಲಿ ಕೂರದ ಹುಡುಗನನ್ನು ಇಪ್ಪತ್ತು ನಿಮಿಷ ಅಲುಗಾಡದೆ ಮಲಗು ಎಂದು ಹೇಳಿ, ನೆತ್ತಿಗೆ ಐದು, ಎರಡು ಮಣಿಕಟ್ಟಿಗೆ ಒಂದೊಂದು ಸೂಜಿ ಚುಚ್ಚುವುದನ್ನು ನೀವು ಎಂದಾದರೂ ನೋಡಿದ್ದೀರಾ? ನಾನು ಹನ್ನೆರಡು ಸಲ ನೋಡಿದ್ದೇನೆ. ಮಲಗಿದ್ದವನು ನನ್ನ ಮಗ. ಈಗ ಅವನಿಗೆ ಒಂಬತ್ತು ವರ್ಷ. ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಇದೆ ಎಂದು ತಿಳಿದದ್ದು ಏಳನೆಯ ವಯಸ್ಸಿನಲ್ಲಿ. ಅಕ್ಯುಪಂಕ್ಚರ್ ಮಾಡಿದವರು ಒರಟರಲ್ಲ, ಸೂಜಿ ಕೂದಲೆಳೆಯಷ್ಟು ತೆಳು, ಅವನು ಅತ್ತದ್ದೂ ಮೊದಲ ದಿನ ಮಾತ್ರ. ಆ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಇರುವುದು ಅಲ್ಲಿ ಕೇಳಿದ ಒಂದು ಮಾತಿನ ಬಗ್ಗೆ. ಹನ್ನೆರಡು ಸಲ ಬಂದರೆ ಮಾತ್ರೆಯ ಅಗತ್ಯವೇ ಇರುವುದಿಲ್ಲ ಎಂದರು. ನಂಬಿದೆವು. ಈ ಮಾತಿಗೆ ಆಧಾರವೇನು ಎಂದು ನಾನು ಹುಡುಕಿದ್ದು ಎಲ್ಲ ಮುಗಿದ ಮೇಲೆ. ಮೊದಲೇ ಹುಡುಕಬೇಕಿತ್ತು, ಒಪ್ಪುತ್ತೇನೆ. ವೈದ್ಯಕೀಯ ಪುರಾವೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 2011ರಲ್ಲಿ ಮಕ್ಕಳ ಎಡಿಎಚ್‌ಡಿಗೆ ಅಕ್ಯುಪಂಕ್ಚರ್ ಫಲಿಸುತ್ತದೆಯೇ ಎಂದು ಪರಿಶೀಲಿಸಿತ್ತು. ಅದರ ಮಾನದಂಡಕ್ಕೆ ನಿಲ್ಲುವ ಪ್ರಯೋಗ ಒಂದೂ ಸಿಗಲಿಲ್ಲ. ಸೂಜಿ ಕೆಲಸಕ್ಕೆ ಬಾರದು ಎಂದು ಅದು ಹೇಳಲಿಲ್ಲ. ಹೌದೆನ್ನಲೂ ಇಲ್ಲವೆನ್ನಲೂ ಆಧಾರವಿಲ್ಲ ಎಂದಿತು. ಅನಂತರ ಬಂದ ಪ್ರಯೋಗಗಳಲ್ಲಿ ಹೆಚ್ಚಿನವು ಚಿಕ್ಕವು. ಹಲವುಗಳಲ್ಲಿ ಯಾವ ಮಗುವಿಗೆ ಸೂಜಿ ಹಾಕಲಾಗಿದೆ ಎಂಬುದು ಮಗುವಿನ ನಡವಳಿಕೆಗೆ ಅಂಕ ಕೊಡುವವರಿಗೆ ಗೊತ್ತಿರುತ್ತದೆ.

ಗೊತ್ತಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಮನೆಯೇ ಸಾಕ್ಷಿ. ಮಗ ಎಷ್ಟು ಸಲ ಎದ್ದ, ಎಷ್ಟು ಸಲ ಮಾತಿನ ನಡುವೆ ಬಾಯಿ ಹಾಕಿದ ಎಂದು ವಾರಕ್ಕೊಮ್ಮೆ ನಮೂನೆ ತುಂಬುತ್ತಿದ್ದೆವು. ನಾಲ್ಕನೆಯ ವಾರಕ್ಕೆ ನನ್ನ ಅಂಕಗಳೂ ಅವನ ಅಪ್ಪನ ಅಂಕಗಳೂ ಇಳಿದಿದ್ದವು. ಹುಡುಗ ತಣ್ಣಗಾಗಿದ್ದಾನೆ ಎಂದು ನೆಂಟರಿಗೆಲ್ಲ ಹೇಳಿದ್ದೂ ಆಯಿತು. ಅದೇ ನಮೂನೆಯನ್ನು ತರಗತಿಯ ಶಿಕ್ಷಕಿಯೂ ತುಂಬುತ್ತಿದ್ದರು. ಸೂಜಿಯ ವಿಷಯ ಅವರಿಗೆ ಗೊತ್ತಿರಲಿಲ್ಲ. ಅವರ ಹಾಳೆಯಲ್ಲಿ ಮೊದಲ ವಾರಕ್ಕೂ ಹನ್ನೆರಡನೆಯ ವಾರಕ್ಕೂ ವ್ಯತ್ಯಾಸವೇ ಇರಲಿಲ್ಲ.

ನಾವು ಸುಳ್ಳು ಬರೆಯಲಿಲ್ಲ, ಆಸೆಪಟ್ಟೆವು, ಅಷ್ಟೇ. ಎಡಿಎಚ್‌ಡಿಯ ಔಷಧೇತರ ಚಿಕಿತ್ಸೆಗಳನ್ನು ತೂಗಿ ನೋಡಿದ 2013ರ ದೊಡ್ಡ ವಿಶ್ಲೇಷಣೆಯೊಂದರಲ್ಲೂ ಇದೇ ಕಂಡಿತು. ಚಿಕಿತ್ಸೆಗೆ ಹತ್ತಿರವಿದ್ದವರು ಕೊಟ್ಟ ಅಂಕಗಳಲ್ಲಿ ಕಂಡ ಲಾಭ, ಚಿಕಿತ್ಸೆಯ ವಿಷಯ ತಿಳಿಯದವರು ಕೊಟ್ಟ ಅಂಕಗಳಲ್ಲಿ ಬಹುಮಟ್ಟಿಗೆ ಕರಗಿಹೋಯಿತು. ಅದರಲ್ಲಿ ಅಕ್ಯುಪಂಕ್ಚರ್ ಇರಲಿಲ್ಲ, ಆದರೆ ನಡವಳಿಕೆಯ ತರಬೇತಿ ಇತ್ತು. ಅದು ನನಗೆ ಇಷ್ಟವಾದ ದಾರಿ ಎಂಬ ಕಾರಣಕ್ಕೆ ಅದಕ್ಕೊಂದು ಅಳತೆ, ಸೂಜಿಗೊಂದು ಅಳತೆ ಇಟ್ಟುಕೊಳ್ಳಲಾರೆ.

ಹಾಗಾದರೆ ನಾವು ಅಲ್ಲಿಗೆ ಹೋದದ್ದಾದರೂ ಯಾಕೆ? ಈ ಪತ್ರ ಬರೆಯುತ್ತಿರುವುದೇ ಅದನ್ನು ಹೇಳುವುದಕ್ಕೆ. ಆಸ್ಪತ್ರೆಯಲ್ಲಿ ವೈದ್ಯರು ನಮಗೆ ಕೊಟ್ಟದ್ದು ನಾಲ್ಕು ನಿಮಿಷ. ಮಾತ್ರೆಯ ಹೆಸರು ಬರೆದರು, ಹಸಿವು ಕಡಿಮೆಯಾಗಬಹುದು ಎಂದರು, ಮುಂದಿನವರನ್ನು ಕರೆದರು. ಅವರನ್ನು ದೂರಿ ಫಲವಿಲ್ಲ, ಹೊರಗಿನ ಸಾಲು ಅಷ್ಟು ಉದ್ದವಿತ್ತು. ಸೂಜಿಯ ಕೊಠಡಿಯಲ್ಲಿ ಮಾತ್ರ ನಲವತ್ತು ನಿಮಿಷ ಒಬ್ಬರು ನಮ್ಮ ಮಾತು ಕೇಳಿದರು. ಅವನ ನಿದ್ದೆ, ಅವನ ಭಯ, ನನ್ನ ಸಿಟ್ಟು, ಎಲ್ಲವನ್ನೂ ವಿಚಾರಿಸಿದರು. ನಾವು ಹಣ ಕೊಟ್ಟದ್ದು ಆ ಕಿವಿಗೆ ಎಂದು ಈಗ ಅನಿಸುತ್ತದೆ.

ಅಂಥ ಸಮಯಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ನಿಮ್ಮ ಅಧಿಕಾರಿಗಳು ಎಡಿಎಚ್‌ಡಿಯ ಚಿಕಿತ್ಸೆಗಳನ್ನು ಹೋಲಿಸಿ ನೋಡಿದ, 1999ರಲ್ಲಿ ಪ್ರಕಟವಾದ ಎಂಟಿಎ ಎಂಬ ಅಧ್ಯಯನದಲ್ಲಿ ಓದಬಹುದು. ಎಡಿಎಚ್‌ಡಿ ಇದ್ದ 579 ಮಕ್ಕಳನ್ನು ಗುಂಪುಗಳಾಗಿ ವಿಂಗಡಿಸಿ 14 ತಿಂಗಳು ಚಿಕಿತ್ಸೆ ಕೊಟ್ಟರು. ಪ್ರಮಾಣವನ್ನು ಎಚ್ಚರಿಕೆಯಿಂದ ಹೊಂದಿಸುತ್ತಾ ಔಷಧ ಕೊಟ್ಟ ಗುಂಪು, ಊರಿನ ಮಾಮೂಲಿ ವೈದ್ಯರ ಬಳಿ ಹೋದ ಗುಂಪಿಗಿಂತ ಹೆಚ್ಚು ಸುಧಾರಿಸಿತು. ಗಮನಿಸಿ, ಆ ಮಾಮೂಲಿ ಗುಂಪಿನಲ್ಲೂ ಸುಮಾರು ಮೂರನೇ ಎರಡರಷ್ಟು ಮಕ್ಕಳು ಔಷಧ ತೆಗೆದುಕೊಳ್ಳುತ್ತಿದ್ದರು. ಆದರೆ ಮೊದಲ ಗುಂಪಿನವರಿಗೆ ತಿಂಗಳಿಗೊಮ್ಮೆ ಅರ್ಧ ಗಂಟೆಯ ಭೇಟಿ ಇತ್ತು; ಶಿಕ್ಷಕರ ವರದಿ ನೋಡಿ ಪ್ರಮಾಣ ಬದಲಿಸುತ್ತಿದ್ದರು.

ಆದ್ದರಿಂದ ಅಕ್ಯುಪಂಕ್ಚರನ್ನು ನಿಷೇಧಿಸಿ ಎಂದು ನಾನು ಕೇಳುವುದಿಲ್ಲ. ನಿಷೇಧಿಸಿದರೆ ನಮ್ಮಂಥವರು ಬೇರೆ ಬಾಗಿಲು ತಟ್ಟುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಮಕ್ಕಳಿಗೆ ಆ ಅರ್ಧ ಗಂಟೆಯನ್ನು ಕೊಡಿಸಿ. ವೈದ್ಯರೇ ಬೇಕೆಂದಿಲ್ಲ, ತರಬೇತಿ ಪಡೆದ ದಾದಿಯೊಬ್ಬರು ಎತ್ತರ, ತೂಕ, ನಾಡಿ ನೋಡಿ, ಶಾಲೆಯ ವರದಿ ಓದಿ ನಮ್ಮ ಮಾತು ಕೇಳಿದರೂ ಸಾಕು. ಅದಾಗುವವರೆಗೆ, ಮಾತ್ರೆ ನಿಲ್ಲಿಸಿ ಎಂದು ಯಾವ ಸೂಜಿ ಚಿಕಿತ್ಸಕರೂ ಹೇಳದಂತೆ, ಗುಣಪಡಿಸುತ್ತೇವೆ ಎಂದು ಫಲಕ ಹಾಕದಂತೆ ನಿಯಮ ಮಾಡಿ. ಮಕ್ಕಳಿಗೆ ಸೂಜಿ ಹಾಕಲು ಪ್ರತ್ಯೇಕ ತರಬೇತಿ, ನೋಂದಣಿ ಎರಡೂ ಕಡ್ಡಾಯವಾಗಲಿ. ಮಕ್ಕಳ ಅಕ್ಯುಪಂಕ್ಚರ್‌ನ ಸುರಕ್ಷತೆಯ ಬಗ್ಗೆ 2011ರಲ್ಲಿ ಬಂದ ಇನ್ನೊಂದು ಪರಿಶೀಲನೆಯಲ್ಲಿ ದಾಖಲಾದ 279 ಅಡ್ಡಪರಿಣಾಮಗಳಲ್ಲಿ 253 ಸಣ್ಣವು, ಒಂದು ಮಧ್ಯಮ, 25 ಗಂಭೀರವಾದವು. ಶ್ವಾಸಕೋಶಕ್ಕೆ ಪೆಟ್ಟಾದ ಪ್ರಕರಣವೂ ಅದರಲ್ಲಿದೆ. ಗಂಭೀರ ಹಾನಿಗಳಲ್ಲಿ ಹಲವಕ್ಕೆ ಚಿಕಿತ್ಸಕರ ಕಳಪೆ ಕೆಲಸವೇ ಕಾರಣವಿರಬಹುದೆಂದು ಬರೆದವರು ಅಭಿಪ್ರಾಯಪಟ್ಟಿದ್ದಾರೆ. ಇಷ್ಟಾದ ಮೇಲೂ ಸೂಜಿಗೆ ಸಾರ್ವಜನಿಕರ ಹಣ ಹಾಕುವ ಮನಸ್ಸಿದ್ದರೆ, ಒಳ್ಳೆಯ ಪ್ರಯೋಗವೊಂದಕ್ಕೆ ಹಾಕಿ. ನಿಜವಾದ ಸೂಜಿಯೊಂದಿಗೆ ಹೋಲಿಸಿ ನೋಡಲು, ಚುಚ್ಚಿದಂತೆ ತೋರಿ ಹಿಡಿಕೆಯೊಳಗೆ ಜಾರುವ ಹುಸಿ ಸೂಜಿಗಳು 1998ರಿಂದಲೇ ಇವೆ. ಅಂಕವನ್ನು ಮಾತ್ರ ನಮ್ಮ ಕೈಗೆ ಕೊಡಬೇಡಿ, ಶಿಕ್ಷಕರಿಂದ ಹಾಕಿಸಿ.

ಮಗ ಈಗ ಮಾತ್ರೆ ತೆಗೆದುಕೊಳ್ಳುತ್ತಾನೆ. ಮಧ್ಯಾಹ್ನ ಹಸಿವಿಲ್ಲ ಎನ್ನುತ್ತಾನೆ, ರಾತ್ರಿ ತಡವಾಗಿ ಮಲಗುತ್ತಾನೆ, ಗಣಿತದ ಪುಟವನ್ನು ಕೊನೆಯವರೆಗೆ ಮಾಡುತ್ತಾನೆ. ಮುಂದಿನ ಭೇಟಿ ಬರುವ ತಿಂಗಳು. ನನ್ನ ಚೀಟಿಯಲ್ಲಿ ಏಳು ಪ್ರಶ್ನೆಗಳಿವೆ. ಕಳೆದ ಸಲ ಎರಡನ್ನು ಕೇಳುವಷ್ಟರಲ್ಲಿ ಮುಂದಿನವರ ಹೆಸರು ಕೂಗಿದ್ದರು.

ಇಂತಿ,
ಒಬ್ಬ ತಾಯಿ