ಕೊಳವೆ ಹೂಳುವ ಮೊದಲೇ ಜಮೀನಿನ ಮಾತು ಮುಗಿಯಲಿ

ಮಾನ್ಯ ಸಂಪಾದಕರೇ,

ಕಾವೇರಿ ಐದನೇ ಹಂತದ ಯೋಜನೆಗೆ 2024ರ ಅಕ್ಟೋಬರ್ 16ರಂದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಚಾಲನೆ ದೊರೆಯಿತು. 2007ರಲ್ಲಿ ಬೆಂಗಳೂರಿಗೆ ಸೇರ್ಪಡೆಯಾದ 110 ಹಳ್ಳಿಗಳನ್ನು ಉದ್ದೇಶಿಸಿರುವ ಈ ಯೋಜನೆಯ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಮನೆಗೆ ಬಂದ ನೀರಿನಲ್ಲಿ ಸುಮಾರು ಶೇ 80ರಷ್ಟು ಕೊಳಚೆಯಾಗಿ ಹೊರಬೀಳುತ್ತದೆಂದು ಎಂಜಿನಿಯರುಗಳು ಲೆಕ್ಕ ಹಿಡಿಯುವುದರಿಂದ, ಇಷ್ಟು ನೀರು ತಂದವರು ಅದಕ್ಕೆ ತಕ್ಕ ಒಳಚರಂಡಿಯ ಹೊಣೆಯನ್ನೂ ಹೊತ್ತಂತಾಯಿತು. ಈ ಕಾಮಗಾರಿಗಳ ಬಗ್ಗೆ ನಡೆಯುವ ಚರ್ಚೆ ಸಾಮಾನ್ಯವಾಗಿ ಪಂಪು, ಸಾಲ, ಗುತ್ತಿಗೆದಾರ, ಅಗೆದು ಬಿಟ್ಟ ರಸ್ತೆ ಇವುಗಳ ಸುತ್ತಲೇ ಇರುತ್ತದೆ. ಕೊಳವೆ ಹಾದುಹೋಗುವ ಜಮೀನು ಯಾರದು, ಅವರೊಡನೆ ಮಾತನಾಡಿದವರು ಯಾರು, ಏನೆಂದು ಒಪ್ಪಿಗೆಯಾಯಿತು ಎಂಬುದನ್ನು ಯಾರೂ ಕೇಳುವುದಿಲ್ಲ. ಭೂಮಾಪನದ ಕೆಲಸದಿಂದ ನಿವೃತ್ತನಾದ ನನಗೆ ಕಾಮಗಾರಿಗಳ ವಿಳಂಬದ ದೊಡ್ಡ ಕಾರಣವೊಂದು ಅಲ್ಲಿಯೇ ಇದೆ ಎನಿಸುತ್ತದೆ.

ಕುಡಿಯುವ ನೀರಿನ ಕೊಳವೆಯಲ್ಲಿ ನೀರು ಒತ್ತಡದಿಂದ ಹರಿಯುವುದರಿಂದ, ಒಬ್ಬರು ಜಾಗ ಬಿಡದಿದ್ದರೆ ಖರ್ಚು ಹೆಚ್ಚಿದರೂ ಬೆಂಡು ಹಾಕಿ ಪಕ್ಕದ ರಸ್ತೆಗೆ ತಿರುಗಿಸಬಹುದು. ಒಳಚರಂಡಿಗೆ ಆ ಅನುಕೂಲವಿಲ್ಲ. ಅದು ಇಳಿಜಾರನ್ನೇ ನಂಬಿರುವುದರಿಂದ, ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳಲ್ಲಿ ಮುಖ್ಯ ಕೊಳವೆಗಳು ರಾಜಕಾಲುವೆಗಳ ಅಂಚಿನಲ್ಲೇ ಸಾಗಬೇಕಾಗುತ್ತದೆ. ಮಧ್ಯದಲ್ಲಿ ಒಂದೇ ಒಂದು ಸರ್ವೆ ನಂಬರಿನಲ್ಲಿ ತಕರಾರು ಎದ್ದು ನೂರು ಮೀಟರ್ ಕೊಳವೆ ಬಾಕಿ ಉಳಿದರೂ, ಮೇಲಿನ ಅಷ್ಟೂ ಬಡಾವಣೆಗಳ ಕೊಳಚೆ ಅಲ್ಲಿಗೆ ಬಂದು ಕಾಲುವೆಗೆ ಬೀಳುತ್ತದೆ. ಕೆಳಗೆ ಕಟ್ಟಿದ ಶುದ್ಧೀಕರಣ ಘಟಕ ಕೊಳಚೆಗಾಗಿ ಕಾಯುತ್ತಿರುತ್ತದೆ. ಅದೇ ಅಂಚಿನ ಜಮೀನಿನ ಮಾಲೀಕನಾದರೋ ಮೊದಲೇ ನೊಂದಿರುತ್ತಾನೆ. 2015ರ ಪರಿಷ್ಕೃತ ಮಹಾಯೋಜನೆಯ ಪ್ರಕಾರ ಪ್ರಾಥಮಿಕ ಕಾಲುವೆಗೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್ ಮೀಸಲು ಪ್ರದೇಶ ಬಿಡಬೇಕು. ಪಹಣಿಯಲ್ಲಿ ಹೆಸರು ತನ್ನದೇ ಇದ್ದರೂ ಮನೆ ಕಟ್ಟಲಾಗದ ಜಾಗಕ್ಕೆ, ಮುನ್ಸೂಚನೆಯಿಲ್ಲದೆ ಜೆಸಿಬಿಯೂ ಬಂದು ನಿಂತರೆ ಅವನು ನ್ಯಾಯಾಲಯಕ್ಕೆ ಹೋಗುವುದರಲ್ಲಿ ಆಶ್ಚರ್ಯವೇನಿದೆ?

ಹೊರವಲಯದ ರೆವಿನ್ಯೂ ಬಡಾವಣೆಗಳ ಕಥೆ ಇನ್ನೂ ಜಟಿಲ. ಕೃಷಿ ಜಮೀನನ್ನು ಭೂಪರಿವರ್ತನೆಯಿಲ್ಲದೆ, ನಕ್ಷೆ ಮಂಜೂರಾತಿಯಿಲ್ಲದೆ ಸೈಟುಗಳಾಗಿ ಮಾರಿದ ಕಡೆ ರಸ್ತೆಯ ಜಾಗವನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ದಾಖಲೆಯೇ ಇರುವುದಿಲ್ಲ. ಕಣ್ಣಿಗೆ ಅದು ಡಾಂಬರು ಹಾಕಿದ ರಸ್ತೆ. ಪಹಣಿಯಲ್ಲಿ ಮಾತ್ರ ಮೂಲ ರೈತನ ಹೆಸರಿನ ಕೃಷಿ ಭೂಮಿ. ಆ ರೈತ ತೀರಿಕೊಂಡು ಮಕ್ಕಳ ನಡುವೆ ವಿಭಾಗವಾಗದೆ, ಪೋಡಿಯೂ (ಸರ್ವೆ ನಂಬರನ್ನು ಅಳೆದು ಪಾಲುಗಳಾಗಿ ಒಡೆಯುವುದು) ಆಗದೆ ಉಳಿದಿದ್ದರೆ, ಒಪ್ಪಿಗೆ ಕೇಳಬೇಕಾದದ್ದು ಯಾರನ್ನು, ಪರಿಹಾರ ಕೊಡಬೇಕಾದದ್ದು ಯಾರಿಗೆ ಎಂಬುದೇ ಬಿಡಿಸಲಾಗದ ಗಂಟಾಗುತ್ತದೆ. ಜಮೀನು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾದದ್ದಾಗಿದ್ದರೆ, ಅಂಥ ಜಮೀನಿನ ಪರಭಾರೆಯನ್ನು ನಿರ್ಬಂಧಿಸುವ 1978ರ ಕಾಯ್ದೆಯ ಪ್ರಶ್ನೆಯೂ ಏಳುತ್ತದೆ. ಇವೆಲ್ಲವನ್ನೂ ಕೆಲಸದ ಆದೇಶ ಕೈಗೆ ಬಂದ ಮೇಲೆ ಗುತ್ತಿಗೆದಾರನ ಸೈಟ್ ಎಂಜಿನಿಯರ್ ಬಗೆಹರಿಸಲಿ ಎಂದು ಬಿಡುವುದು ನ್ಯಾಯವಲ್ಲ. ಟಿಪ್ಪಣಿ (ಸರ್ವೆ ನಂಬರಿನ ಅಳತೆಯ ನಕ್ಷೆ), ಆಕಾರ್‌ಬಂದ್ (ವಿಸ್ತೀರ್ಣ ಮತ್ತು ಕಂದಾಯದ ಪಟ್ಟಿ) ಓದುವುದನ್ನು ಯಾರೂ ಆತನಿಗೆ ಕಲಿಸಿರುವುದಿಲ್ಲ.

ಬ್ರಿಟನ್ನಿನಲ್ಲಿ ಈ ಕೆಲಸಕ್ಕೆಂದೇ ಭೂ ಪ್ರತಿನಿಧಿಗಳ ವೃತ್ತಿಯೊಂದು ಬೆಳೆದಿದೆ. ನೀರು ಮತ್ತು ಒಳಚರಂಡಿ ಕಂಪನಿಗಳ ಪರವಾಗಿ ಅವರು ಮಾಲೀಕರನ್ನು ಗುರುತಿಸಿ, ಮಾರ್ಗವನ್ನು ವಿವರಿಸಿ, ನೋಟಿಸು ಜಾರಿ ಮಾಡಿ, ಬೆಳೆಹಾನಿಯ ಲೆಕ್ಕ ಹಾಕಿ, ಕೆಲಸ ಮುಗಿದ ಮೇಲೆ ಹೊಲವನ್ನು ಮೊದಲಿನ ಸ್ಥಿತಿಗೆ ತಂದದ್ದನ್ನೂ ನೋಡಿಕೊಳ್ಳುತ್ತಾರೆ. ಅಲ್ಲಿನ 1991ರ ಜಲ ಉದ್ಯಮ ಕಾಯ್ದೆಯ 159ನೇ ಸೆಕ್ಷನ್ನಿನಂತೆ ಖಾಸಗಿ ಜಮೀನಿನಲ್ಲಿ ಹೊಸ ಕೊಳವೆ ಹಾಕಲು ಸಾಮಾನ್ಯವಾಗಿ ಕನಿಷ್ಠ ಮೂರು ತಿಂಗಳ, ಇರುವ ಕೊಳವೆಯನ್ನು ಮಾರ್ಪಡಿಸಲು 42 ದಿನಗಳ ನೋಟಿಸು ಬೇಕು. ಅವರ ವ್ಯವಸ್ಥೆಯನ್ನು ಹಾಗೆಯೇ ಎತ್ತಿ ತರಬೇಕೆಂದು ನಾನು ಹೇಳುತ್ತಿಲ್ಲ; ಅಲ್ಲಿನ ಜಮೀನು ದಾಖಲೆಯ ಸ್ಥಿತಿ ಬೇರೆ, ನಮ್ಮದು ಬೇರೆ. ಆದರೆ ಜಮೀನಿನ ಮಾತುಕತೆಯೇ ಒಂದು ಪೂರ್ಣಪ್ರಮಾಣದ ಕೆಲಸ, ಅದಕ್ಕೆ ತರಬೇತಿ ಪಡೆದವರು ಬೇಕು ಎಂಬ ತಿಳಿವಳಿಕೆಯನ್ನಾದರೂ ತೆಗೆದುಕೊಳ್ಳಬಹುದು.

ಹೂತ ಕೊಳವೆಗೆ ಜಮೀನಿನ ಒಡೆತನವೇ ಬೇಕೆಂದಿಲ್ಲ, ಬಳಕೆಯ ಹಕ್ಕು ಸಾಕು. ಪೆಟ್ರೋಲಿಯಂ ಮತ್ತು ಅನಿಲ ಕೊಳವೆಗಳಿಗೆ ಕೇಂದ್ರದ 1962ರ ಕಾಯ್ದೆಯಲ್ಲಿ ಈ ದಾರಿಯಿದೆ. ನೀರಿನ ಕೊಳವೆಗಳಿಗೂ ಅನ್ವಯಿಸುವಂಥ ಕಾಯ್ದೆಯನ್ನು ಗುಜರಾತ್ 2000ದಲ್ಲಿ ಮಾಡಿಕೊಂಡಿತು. ಆದರೆ 1962ರ ಕಾಯ್ದೆಯಲ್ಲಿ ಹಾನಿಯ ಪರಿಹಾರದ ಜೊತೆಗೆ ಸಿಗುವುದು ಜಮೀನಿನ ಮಾರುಕಟ್ಟೆ ಮೌಲ್ಯದ ಶೇ 10 ಮಾತ್ರ. 2013ರ ಭೂಸ್ವಾಧೀನ ಕಾಯ್ದೆಯಡಿ ಜಮೀನು ಕಳೆದುಕೊಂಡವನಿಗೆ ಪರಿಹಾರದ ಮೊತ್ತದಷ್ಟೇ ಸಾಂತ್ವನ ಧನವೂ ಸಿಗುತ್ತದೆ. ಹತ್ತು ಎಕರೆ ಹೊಲದ ಬದುವಿನಲ್ಲಿ ಕೊಳವೆ ಹೋದರೆ ಶೇ 10 ಒಪ್ಪತಕ್ಕದ್ದಿರಬಹುದು. ಮೂವತ್ತು–ನಲವತ್ತರ ಸೈಟಿನ ನಡುವೆ ಹೋದರೆ ಅಲ್ಲಿ ಮನೆ ಕಟ್ಟುವ ಆಸೆಯೇ ಮುಗಿದಂತೆ. ಚದರ ಅಡಿಯ ಲೆಕ್ಕದಲ್ಲಿ ಜಮೀನು ಮಾರಾಟವಾಗುವ ಬೆಂಗಳೂರಿಗೆ ಇಂಥ ಒಂದೇ ಅಳತೆಗೋಲು ಹೊಂದುವುದಿಲ್ಲವಾದ್ದರಿಂದ, ಶಾಶ್ವತವಾಗಿ ಬೇಕಾದ ಪಟ್ಟಿ ಎಷ್ಟು, ಅಗೆಯುವಾಗ ಮಾತ್ರ ಬೇಕಾದ ಅಗಲ ಎಷ್ಟು, ಉಳಿದ ಜಾಗ ಉಪಯೋಗಕ್ಕೆ ಬರುವುದೇ ಎಂಬುದನ್ನು ಪ್ರತಿ ಪ್ರಕರಣದಲ್ಲೂ ಬೇರೆಬೇರೆಯಾಗಿ ನೋಡಬೇಕು. ಮಾಲೀಕನಿಗೆ ಅರ್ಥವಾಗುವ ಕನ್ನಡದಲ್ಲಿ, ನಕ್ಷೆಯ ಸಮೇತ ಇದನ್ನು ಕೊಡಬೇಕು.

ಆದ್ದರಿಂದ ಪ್ರತಿ ಮುಖ್ಯ ಕೊಳವೆ ಮಾರ್ಗಕ್ಕೂ ಜಮೀನಿನ ವಿಷಯದಲ್ಲಿ ಉತ್ತರದಾಯಿಯಾದ ಒಬ್ಬ ಭೂ ಅಧಿಕಾರಿಯನ್ನು, ಅವರ ಕೈಕೆಳಗೆ ಅನುಭವಿ ಭೂಮಾಪಕರನ್ನು, ಕಂದಾಯ ದಾಖಲೆ ಬಲ್ಲವರನ್ನು ಜಲಮಂಡಳಿ ನೇಮಿಸಬೇಕು. ಟೆಂಡರ್ ಕರೆಯುವ ಮೊದಲೇ ಅವರು ಮಾರ್ಗದುದ್ದಕ್ಕೂ ನಡೆದು ಬರಲಿ. ಹೊರಗಿನ ಸಂಸ್ಥೆಗೆ ಈ ಕೆಲಸ ವಹಿಸುವುದಾದರೆ, ಸಹಿ ಹಾಕಿಸಿದ ಒಪ್ಪಿಗೆ ಪತ್ರಗಳ ಎಣಿಕೆಯ ಮೇಲೆ ಶುಲ್ಕ ಕೊಡಬಾರದು. ಕೊಟ್ಟರೆ ಭೂ ಪ್ರತಿನಿಧಿ ಹೋಗಿ ದಲ್ಲಾಳಿ ಬರುತ್ತಾನೆ. ಹೂತ ಪ್ರತಿ ಕೊಳವೆಯ ಅಗಲ, ಆಳ, ಹಕ್ಕಿನ ಸ್ವರೂಪವನ್ನು ಸಂಬಂಧಪಟ್ಟ ಪಹಣಿಯ 11ನೇ ಕಾಲಂನಲ್ಲಿ ನಮೂದಿಸಬೇಕು. ಬ್ಯಾಂಕಿನ ಸಾಲ ಕಾಣಿಸುವ ಆ ಕಾಲಂನಲ್ಲಿ ನೆಲದಡಿಯ ಕೊಳವೆಯೂ ಕಾಣಿಸಿದರೆ, ಮುಂದೆ ಆ ಜಮೀನು ಕೊಳ್ಳುವವರು ಪಾಯ ಅಗೆಯುವಾಗ ಅದನ್ನು ಕಂಡು ಬೆಚ್ಚಿಬೀಳಬೇಕಾಗಿಲ್ಲ. ಕಾವೇರಿ ಆರನೇ ಹಂತದ ಮಾತು ನಡೆಯುತ್ತಿರುವ ಈ ಹೊತ್ತಿನಲ್ಲಿ, ಅದರ ಯೋಜನಾ ವರದಿಯಲ್ಲೇ ಈ ಕೆಲಸಕ್ಕೆ ಪ್ರತ್ಯೇಕ ಹಣವನ್ನೂ ಸಮಯವನ್ನೂ ತೆಗೆದಿರಿಸಬೇಕೆಂದು ಜಲಮಂಡಳಿಯನ್ನೂ ಕಂದಾಯ ಇಲಾಖೆಯನ್ನೂ ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಭೂಮಾಪಕ, ಕೆಂಗೇರಿ, ಬೆಂಗಳೂರು